ಹೂಂ ಅನ್ನುವ ವಯಸ್ಸು

ನೊಣವಿನಕೆರೆಯಿಂದ ತಿಪಟೂರಿಗೆ ಹೊರಟ ಬೆಳಗಿನ ಬಸ್ಸು. ಕಿಟಕಿಯಾಚೆ ತೆಂಗಿನ ತೋಟಗಳು ಮಂಜಿನಲ್ಲಿ ತೇಲಿಹೋಗುತ್ತಿದ್ದವು. ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು; ಕಿರಿಯಾಕೆಯ ತೋಳಿಗೊರಗಿ ಅವಳ ಮಗಳು ನಿದ್ದೆಹೋಗಿದ್ದಳು.

"ಎಲ್ಲಿಗೆ ಜಸಿಂತಾ, ಇಷ್ಟೊತ್ಗೆ?"

"ಚರ್ಚಿಗೆ ಗಂಗಕ್ಕ. ಮುಂದಿನ ತಿಂಗಳು ಬಿಷಪ್ಪು ಬತ್ತಾವ್ರೆ. ಇವಳಿಗೆ ದೃಢೀಕರಣ ಆಗಬೇಕು, ಹೆಸರು ಕೊಡೋಕೆ ಇವತ್ತೇ ಕೊನೆ. ಇವಳು ನೋಡಿದ್ರೆ ಈ ಸಲ ಬ್ಯಾಡ ಅಂತಾಳೆ."

"ದೃಢೀಕರಣ ಅಂದ್ರೇನೇ?"

"ಕೂಸಿದ್ದಾಗ ಇವಳ ಪರವಾಗಿ ನಾವೇ ದೇವರಿಗೆ ಮಾತು ಕೊಟ್ಟಿದ್ವಿ. ಈಗ ಇವಳೇ ಹೂಂ ಅನ್ನಬೇಕು."

"ಹೋದ್ವರ್ಸ ದೊಡ್ಡೋಳಾದಾಗ ನಾನೇ ಬಂದು ಆರತಿ ಎತ್ತಿದ್ನಲ್ಲೇ!"

"ಅದು ತಾನಾಗೇ ಆಯ್ತು. ಇದಕ್ಕೆ ಇವಳು ಬಾಯಿ ಬುಡಬೇಕಲ್ಲ. ಜೊತೆಯೋರೆಲ್ಲ ಮಾಡಿಸ್ಕತಾವ್ರೆ, ಇವಳೊಬ್ಬಳು..."

"ಒಂದೇ ದಿನ ಅಟ್ಟಕ್ಕೆ ಹಾಕಿದ ಕಾಯೆಲ್ಲ ಒಂದೇ ದಿನ ಕೊಬ್ರಿ ಆಗ್ತವಾ? ಅಲ್ಲಾಡಿಸಿ ನೋಡ್ತೀವಿ. ಒಳಗೆ ಒಣಗಿದ ಕೊಬ್ರಿ ಲೊಟಲೊಟ ಅಂದ್ರೆ ಸುಲೀತೀವಿ, ಇಲ್ದಿದ್ರೆ ಅಲ್ಲೇ ಬುಡ್ತೀವಿ. ನೀನು ಹೂಂ ಅಂದಾಗ ಎಷ್ಟು ವಯಸ್ಸು?"

"ಹತ್ತು ಇರಬೇಕು. ಬಿಳಿ ಲಂಗ ಹಾಕಿ ಸಾಲಲ್ಲಿ ನಿಲ್ಸಿದ್ರು. ಅವ್ವ ಹಿಂದಿನಿಂದ ತಿವಿದ್ಲು, ಹೂಂ ಅಂದೆ."

"ಈಗ ಕೇಳಿದ್ರೆ?"

"ಈಗ ಯಾರು ಕೇಳ್ತಾರೆ ಗಂಗಕ್ಕ?"

ಮಂಜು ಕರಗಿ, ಗರಿಗಳ ಸಂದಿನ ಬಿಸಿಲು ಮೂವರ ತಲೆಯ ಮೇಲೂ ಆಡುತ್ತ ಬಂತು. ತಿಪಟೂರಿನಲ್ಲಿ ಬಸ್ಸು ನಿಂತಾಗ ಜಸಿಂತಾ ಮಗಳ ಭುಜವನ್ನು ಮೆಲ್ಲಗೆ ಅಲ್ಲಾಡಿಸಿದಳು.

"ಊರು ಬಂತಾಮ್ಮ?"

"ಬಂತು ಕಣೇ. ಫಾದರ್ ಹತ್ರ ನೀನೇ ಮಾತಾಡು. ನಾನು ಹೊರಗೆ ಕೂತಿರ್ತೀನಿ."

ಹುಡುಗಿ ಮೊದಲು ಇಳಿದಳು.