ಲೈನ್ ಬ್ಯಾಡ ಅಂತ ಬರಕೊಡ್ರಿ

ಮಡಿವಾಳೆಪ್ಪ ಅತ್ತಿಗೆ ಶಿವಗಂಗವ್ವನ ಕೈಯಿಂದ ಅರ್ಜಿಯನ್ನು ಕಸಿದುಕೊಂಡು ಮತ್ತೆ ಮೊದಲಿನಿಂದ ಓದತೊಡಗಿದ. ಕರೆಂಟ್ ಆಫೀಸಿನ ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದ ಹೊಳೆಯಪ್ಪ ತನ್ನ ಮೀಟರಿನ ಚಿಂತೆ ಮರೆತು ಕಿವಿಗೊಟ್ಟ.

“ನಮ್ಮ ಮನಿಗೆ ಲೈನ್ ಬ್ಯಾಡ, ಹಳೇ ಅರ್ಜಿ ವಾಪಸ್ ತಗೊಂಡೇವಿ ಅಂತ ಬರದೈತಿ. ಲೈನ್ ಕೇಳಿದವರಿಗೆ ಸೋಲಾರ್ ತಗಡು ಕೊಡಂಗಿಲ್ಲಂತ, ವೈನಿ.”

“ಆ ಅರ್ಜಿ ನಿಮ್ಮಣ್ಣ ಕೊಟ್ಟಿದ್ದು. ಆರು ವರ್ಷ ಕಾದೇನಿ.”

“ಅಣ್ಣನೂ ಹೋದ, ಲೈನೂ ಬರಲಿಲ್ಲ. ತಗಡು ಮುಂದಿನ ತಿಂಗಳ ಬರ್ತೈತಿ. ಎರಡು ದೀಪ ಹತ್ತತಾವ.”

“ಹಿಟ್ಟಿನ ಗಿರಣಿ ತಿರಗತೈತೇನು?”

“ಬಿಸಿಲಿನ ತಗಡಿಗೆ ಗಿರಣಿ ಎಲ್ಲಿ ತಿರಗಬೇಕ್ರಿ?”

“ಮತ್ತ ನಿಮ್ಮಣ್ಣ ತಂದಿಟ್ಟ ಗಿರಣಿ ಕಲ್ಲು?”

“ಅದರ ಮ್ಯಾಲ ಕುಂತು ದೀಪ ನೋಡ್ರಿ.”

ಶಿವಗಂಗವ್ವ ನಗಲಿಲ್ಲ. ಮಡಿವಾಳೆಪ್ಪ ದನಿ ತಗ್ಗಿಸಿದ.

“ನಿಮ್ಮ ಮಗಳು ಚೊಚ್ಚಲ ಹೆರಿಗೀಗೆ ಬಂದಾಳ್ರಿ. ಕಂದೀಲಿನ ಹೊಗ್ಯಾಗ ಹಡೀಲೇನು?”

ಆಕೆ ಸೆರಗಿಗೆ ಹೆಬ್ಬೆಟ್ಟು ಒರೆಸಿಕೊಂಡಳು. ಇನ್ನು ಒಪ್ಪಿಕೊಳ್ಳುತ್ತಾಳೆ ಎಂದುಕೊಂಡ ಹೊಳೆಯಪ್ಪ.

“ಆಕಿ ನಾಲ್ಕು ದಿನ ಹೊಗಿ ತಡಕೊಂತಾಳ. ಗಿರಣಿ ಇಲ್ಲಂದ್ರ ನಾ ಸಾಯೂತನಕ ಮಂದಿ ಹೊಲದಾಗ ಕಳೆ ತಗೀಬೇಕು.”

ಕಿಟಕಿಯಿಂದ ಗುಮಾಸ್ತ ಕರೆದ. “ಹೆಬ್ಬೆಟ್ಟು ಒತ್ರಿ ಯವ್ವಾ, ಇವತ್ತ ಮಂಜೂರು ಮಾಡಸ್ತೀನಿ.”

“ನಿಮ್ಮ ತಗಡು ನನಗ ಬ್ಯಾಡ್ರಿ,” ಎಂದವಳೇ ಶಿವಗಂಗವ್ವ ಸಾಲು ಬಿಟ್ಟು ಮೆಟ್ಟಿಲಿಳಿದಳು.