ಟೋಪಿಯವಳಿಗೆ ಕೊಟ್ಟ ಮೊಗ್ಗು

ಸಂತ ಮಾರ್ಕನ ಹಬ್ಬದ ಸಂಜೆ ವೆನಿಸ್ಸಿನ ರಿಯಾಲ್ಟೊ ಕಟ್ಟೆಯಲ್ಲಿ ದೋಣಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಅತ್ತಿಗೆ, ನಾದಿನಿ ಮಾತಾಡುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಕೆಂಪು ಗುಲಾಬಿ ಮೊಗ್ಗು, ಮುಖ ಮಾತ್ರ ಧುಮುಧುಮು.

"ಅಣ್ಣ ಮೊಗ್ಗು ಕೊಟ್ನಲ್ಲ ಅತ್ತಿಗೆ, ಮತ್ಯಾಕೆ ಸಿಟ್ಟು?"

"ನಂಗೆಲ್ಲಿ ಕೊಟ್ಟನೇ, ನಿವೆಸ್? ಊರು ನೋಡೋಕೆ ಬಂದ ಹೆಂಗಸಿಗೆ ಕೊಟ್ಟ."

"ಮತ್ತೆ ನಿಮ್ಮ ಕೈಲಿದೆ?"

"ಆ ಹೆಂಗಸು ನಾನೇ. ಗೈಡ್ ಕೆಲಸ ಅಂತ ದಿನವಿಡೀ ಯಾರ ಹತ್ರ ಹಲ್ಲು ಕಿರೀತಾನೆ ನೋಡೋಣ ಅಂತ, ಟೋಪಿ, ಕಪ್ಪು ಕನ್ನಡಕ ಹಾಕ್ಕೊಂಡು ಅವನ ಗುಂಪಿಗೇ ಸೇರ್ಕೊಂಡೆ."

"ಅಯ್ಯೋ! ಆಮೇಲೆ?"

"ಸೇತುವೆ ಹತ್ತುವಾಗ ಕೈ ಹಿಡ್ಕೊಂಡ. 'ಇವತ್ತು ನಮ್ಮೂರ ಗಂಡಸರು ಮನಸ್ಸಿಗೆ ಹಿಡಿಸಿದವಳಿಗೆ ಮೊಗ್ಗು ಕೊಡ್ತಾರೆ' ಅಂತ ಇದನ್ನ ಕೊಟ್ಟ. ನಂಗೆ ತಂದುಕೊಟ್ಟು ಎಷ್ಟು ವರ್ಷ ಆಯ್ತು ಗೊತ್ತಾ?"

"ಈಗ ನಿಮಗೇ ಸಿಕ್ತಲ್ಲ!"

"ನಂಗಲ್ಲ ಕಣೇ, ಆ ಟೋಪಿಯವಳಿಗೆ! ನಾಚಿಕೆ ಇಲ್ಲ ಅವಳಿಗೆ, ಇಸ್ಕೊಂಡ್ಳು ನೋಡು."

"ಅಣ್ಣಂಗೆ ಗುರುತು ಸಿಕ್ಕಿರುತ್ತೆ ಬಿಡಿ."

ದೋಣಿ ಬಂತು. ಜನ ನುಗ್ಗಿದರು. ಅತ್ತಿಗೆ ಮೊಗ್ಗು ನಲುಗದಂತೆ ಎದೆಗೆ ಒತ್ತಿಕೊಂಡು ಹತ್ತಿದಳು.

"ಗುರುತು ಸಿಕ್ಕಿದ್ರೆ ಅಷ್ಟು ಚೆನ್ನಾಗಿ ನಗ್ತಿದ್ನಾ?"