ಹಳ್ಳದ ಆಚೆ ಹಾಕಿದ ಹಂದರ

ಮದುವೆಯ ವಯಸ್ಸಿಗೆ ಹೊಸ ಕಾಯ್ದೆ ಬಂದ ವರ್ಷ. ಗೋಕಾಕದಲ್ಲಿ ಕುಲಗೋಡದ ಮೋಟಾರಿಗೆ ಕಾಯುತ್ತ ಕುಳಿತಿದ್ದ ಗೌರವ್ವನ ಕಿವಿ ಪಕ್ಕದ ಇಬ್ಬರ ಮಾತಿಗೆ ಅಂಟಿಕೊಂಡಿತ್ತು. ಒಬ್ಬ ರುಮಾಲು ಸುತ್ತಿದ ಸಾವಕಾರ, ಇನ್ನೊಬ್ಬ ಕೋಟು ತೊಟ್ಟ ಸಾಲಿ ಮಾಸ್ತರ.

“ಮಾಸ್ತರ್ರ, ಮಗಳಿಗೆ ಹನ್ನೊಂದು. ಹದಿನಾಲ್ಕು ತುಂಬೂತನಕಾ ಲಗ್ನ ಮಾಡಬಾರ್ದಂತ ಸರಕಾರ. ಇಂಥಾ ವರ ಕೈಬಿಟ್ಟು ಹೊಕ್ಕಾನ್ರಿ.”

“ಯಾವ ಸರಕಾರ? ಇಂಗ್ರೇಜಿ ಸರಕಾರ. ನಿಮ್ಮೂರ ಹಳ್ಳ ದಾಟಿದ್ರ ಯಾರ ರಾಜ್ಯ, ಹೇಳ್ರಿ?”

“ಸಂಸ್ಥಾನದ್ದು.”

“ಅಲ್ಲಿ ಆ ಕಾಯ್ದೆ ಇಲ್ಲ. ಹಂದರ ಆಚಿ ದಂಡಿಗೆ ಹಾಕ್ರಿ.”

“ಮತ್ತ ಅಡಗಿ?”

“ಈಚಿ ದಂಡಿಗೇ ಮಾಡ್ರಿ. ಕಾಯ್ದೆ ಇರೂದು ತಲಿಮ್ಯಾಲ ಹಾಕೂ ಅಕ್ಕಿಕಾಳಿಗೆ, ಹೋಳಗಿಗಲ್ಲ.”

ಗೌರವ್ವನಿಗೂ ನಗು ಬಂತು. ಸೆರಗು ಬಾಯಿಗೆ ಹಿಡಿದಳು.

“ಫೌಜದಾರ ಸಾಹೇಬ್ರು ಬಂದ್ರ?”

“ಊಟಕ್ಕ ಕೂಡಸ್ರಿ. ಅವ್ರ ಹದ್ದು ಹಳ್ಳದತನಕಾನ.”

ಅಷ್ಟರಲ್ಲಿ ಹುಕ್ಕೇರಿಯ ಮೋಟಾರು ಬಂತು. ಇಬ್ಬರೂ ಎದ್ದರು.

“ಭೂಗೋಳ ಇಷ್ಟು ಉಪಯೋಗಕ್ಕ ಬರ್ತೈತಂತ ಗೊತ್ತಿರ್ಲಿಲ್ರಿ,” ಎಂದ ಸಾವಕಾರ. “ನಮ್ಮ ಹುಡುಗಿಗೂ ಕಲಿಸೀರೇನು?”

“ಎಲ್ಲಿ ಕಲಿಸೂದ್ರಿ?” ಮಾಸ್ತರ ಮೆಟ್ಟಿಲು ಹತ್ತುತ್ತ ಹೇಳಿದ. “ಭೂಗೋಳ ಮೂರನೇ ಇಯತ್ತೆಗೆ ಬರ್ತೈತಿ. ಆಕೀನ ನೀವು ಎರಡರಾಗ ಸಾಲಿ ಬಿಡಿಸಿದ್ರಿ.”